ಮರೆವಿನ ರೋಗಿಗಳ ಆರೈಕೆ: ತರಬೇತಿ ಹಳ್ಳಿಗೆ ಬರುವುದೆಂದು?

ಡಂಬಳ (ಗದಗ ಜಿಲ್ಲೆ): ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ರೋಗನಿರ್ಣಯದ ಕೆಲಸ ಮಾಡುತ್ತಿದೆ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವ, ಹೆತ್ತ ಮಗನನ್ನೇ ಗುರುತಿಸದ, ಹೊತ್ತು ಮುಳುಗುತ್ತಲೇ ‘ಮನೆಗೆ ಹೋಗುತ್ತೇನೆ’ ಎಂದು ಸ್ವಂತ ಮನೆಯಿಂದಲೇ ಹೊರಡುವ ಹಿರಿಯರನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ರೂಢಿ. ವೈದ್ಯಶಾಸ್ತ್ರ ಇದನ್ನು ಡಿಮೆನ್ಷಿಯಾ ಎಂದು ಕರೆಯುತ್ತದೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಈ ರೋಗಪೀಡಿತರು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ: ನಗರಗಳಲ್ಲಿ ಶೇ 5.3 ಇರುವ ಪ್ರಮಾಣ ಗ್ರಾಮೀಣ ಪ್ರದೇಶದಲ್ಲಿ ಶೇ 8.4. ಇದು ಪಟ್ಟಣಿಗರ ಕಾಯಿಲೆ ಎಂಬ ನಂಬಿಕೆಗೆ ಆಧಾರವಿಲ್ಲ.

ಆದರೆ ತರಬೇತಿ ಪಟ್ಟಣದಲ್ಲೇ ಉಳಿದಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ರೋಗಿಗಳಿಗಾಗಿಯೇ ಕೇಂದ್ರ ತೆರೆಯಿತು. ಪರಿಚಾರಕರ ತರಬೇತಿಯನ್ನೂ ಕೈಗೊಂಡಿತು. ಇಂಥ ತರಬೇತಿ ಪಡೆದವರಿಗೆ ಸಂಬಳ ಕೊಡುವ ಮನೆಗಳಿರುವುದು ಮಹಾನಗರದಲ್ಲಿ. ಮುಂಡರಗಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಡಂಬಳದಂಥ ಊರಿಗೆ ಅವರು ಬರುವುದು ಕಷ್ಟ.

ದೊಡ್ಡಬಸಪ್ಪ ದೇವಾಲಯದಿಂದ ನಾಡಿಗೆಲ್ಲ ಪರಿಚಿತವಾದ ಈ ಊರಿನವರಿಗೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹತ್ತಿರದಲ್ಲಿದೆ. ಮುಂದಿನ ಹಂತಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ. ವೈದ್ಯರು ರೋಗ ಗುರುತಿಸಿ ಮಾತ್ರೆ ಬರೆದುಕೊಟ್ಟಾರು. ಉಳಿದ ಹಗಲು ರಾತ್ರಿಗಳ ಭಾರ ಸಾಮಾನ್ಯವಾಗಿ ಬೀಳುವುದು ಸೊಸೆಯ ಮೇಲೆ. ಸುಗ್ಗಿಯಲ್ಲಿ ಆಕೆ ಕೂಲಿಗೆ ಹೋಗದೆ ಗತಿಯಿಲ್ಲ. ಆಗ ಹಿರಿಯರನ್ನು ಒಳಗಿಟ್ಟು ಬೀಗ ಹಾಕುವುದೊಂದೇ ದಾರಿಯಾಗಿ ಕಾಣುತ್ತದೆ. ಅದನ್ನು ಕ್ರೌರ್ಯ ಎನ್ನುವವರು ಆ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು.

ಕಲಿಸಬೇಕಾದುದು ದೊಡ್ಡ ವಿದ್ಯೆಯೇನಲ್ಲ. ತೀರಿಹೋದ ಗಂಡನನ್ನು ಕೇಳುವ ಅಜ್ಜಿಯೊಡನೆ ವಾದಕ್ಕಿಳಿಯದೆ ಮಾತು ಬೇರೆಡೆ ತಿರುಗಿಸುವುದು. ನೆಟ್ಟಗೆ ಕೂರಿಸಿ ತುತ್ತು ನುಂಗಿದ್ದನ್ನು ನೋಡಿಕೊಂಡೇ ಮುಂದಿನ ತುತ್ತು ಕೊಡುವುದು. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಅಂಗಿಯ ಜೇಬಿನಲ್ಲಿ ಮನೆಯವರ ಫೋನ್ ಸಂಖ್ಯೆ ಇಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಅದನ್ನು ಮರೆವೆಂದು ಬಿಡದೆ, ಮೂತ್ರದ ಸೋಂಕೋ ಔಷಧಿಯ ಅಡ್ಡಪರಿಣಾಮವೋ ಇರಬಹುದೆಂದು ಅಂದೇ ಆಸ್ಪತ್ರೆಗೆ ಕರೆದೊಯ್ಯುವುದು.

ಇದಕ್ಕೆ ನೆರೆಯ ಗೋವಾದಲ್ಲಿ ಮಾದರಿಯಿದೆ. ಅಲ್ಲಿನ ಎರಡು ತಾಲ್ಲೂಕುಗಳ 81 ಕುಟುಂಬಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ವೈದ್ಯರೂ ದಾದಿಯರೂ ಅಲ್ಲದ ಸ್ಥಳೀಯರಿಗೆ ಅಲ್ಪಾವಧಿ ತರಬೇತಿ ನೀಡಿ, ಆರು ತಿಂಗಳು ಮನೆ ಮನೆಗೆ ಕಳುಹಿಸಲಾಯಿತು. ಬೆನ್ನಿಗೆ ಮನೋವೈದ್ಯರಿದ್ದರು. ರೋಗಿಗಳ ಸ್ಥಿತಿಯಲ್ಲಿ ಖಚಿತ ಸುಧಾರಣೆ ಕಾಣಲಿಲ್ಲ. ಆದರೆ ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತು. ವಾಸಿಯಾಗದ ರೋಗದಲ್ಲಿ ಇದು ಸಣ್ಣ ಫಲವಲ್ಲ.

ಅಷ್ಟು ದೂರವೂ ಹೋಗಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ನೀಡಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ಆಗ ಪಕ್ಕದಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಹಂತಕ್ಕೆ ಆಯ್ಕೆಯಾದದ್ದು ಮಾತ್ರ ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರ.

ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವುದು ಸುಲಭದ ಉಪಾಯ. ಬಾಣಂತಿಯಿಂದ ಕ್ಷಯರೋಗಿಯವರೆಗೆ ಎಲ್ಲರ ಲೆಕ್ಕ ಹೊತ್ತು, ಗೌರವಧನಕ್ಕಾಗಿ ಪದೇ ಪದೇ ಬೀದಿಗಿಳಿಯುವ ಅವರಿಗೆ ಇನ್ನೊಂದು ವಹಿ ಕೊಡುವುದರಿಂದ ಅಜ್ಜಿಯ ಮಗ್ಗುಲು ಬದಲಾಗದು. ಹೋಬಳಿಗೆ ಇಬ್ಬರು ಮೂವರಂತೆ ಸ್ತ್ರೀಶಕ್ತಿ ಸಂಘಗಳ ಮಹಿಳೆಯರನ್ನು ಆರಿಸಿ, ಕನ್ನಡದಲ್ಲಿ ಕಲಿಸಿ, ದಿನಗೂಲಿಗೆ ಕಡಿಮೆಯಿಲ್ಲದ ವೇತನ ಕೊಟ್ಟು, ತಿಂಗಳಿಗೊಮ್ಮೆ ಗದುಗಿನ ಮನೋವೈದ್ಯರ ಮುಂದೆ ಕೂರಿಸಬೇಕು. ಅಷ್ಟಾದರೆ ಸುಗ್ಗಿಯ ದಿನಗಳಲ್ಲಿ ಸೊಸೆ ಬೀಗ ಹಾಕದೆ ಹೊಲಕ್ಕೆ ಹೋಗಬಹುದು.