ಶುಶ್ರೂಷೆ ಕಲಿಯಹೋದ ನಮ್ಮ ಹುಡುಗಿಯರು

ನಮ್ಮ ಶಾಲೆಯನ್ನು ದಾಟಿಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ದಾದಿಯರ ಶಿಕ್ಷಣವನ್ನು ಆರಿಸಿಕೊಳ್ಳುತ್ತಿರುವದು ಈ ಸಂಚಿಕೆಯ ವಾಚಕರಿಗೆ ಹೊಸ ಸುದ್ದಿಯಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಸೀಮೆಗಳ ಮನೆಗಳಿಗೆ ದವಾಖಾನೆಯೆಂಬದು ಅಪರಿಚಿತವೂ ಅಲ್ಲ. ಘಟಪ್ರಭೆಯ ಕರ್ನಾಟಕ ಆರೋಗ್ಯ ಧಾಮವು 1929ರಿಂದ ನಮ್ಮ ನೆರೆಯಲ್ಲಿಯೇ ಇದೆ. ಅದಕ್ಕೂ ಹಿಂದಿನಿಂದ ನಮ್ಮ ಹಿರಿಯರು ಕಠಿಣ ವ್ಯಾಧಿ ಬಂದಾಗ ರೇಲ್ವೆ ಹತ್ತಿ ಮಿರಜಿಗೆ, ಡಾಕ್ಟರ ವಾನ್ಲೆಸ್ಸರ ಮಿಶನ್ ದವಾಖಾನೆಗೆ ಹೋಗುತ್ತಿದ್ದರು. ಆದರೆ ರೋಗಿಯಾಗಿ ಅಲ್ಲಿಗೆ ಹೋಗುವದು ಬೇರೆ, ಇಪ್ಪತ್ತರ ಮಗಳನ್ನು ಅಲ್ಲಿ ರಾತ್ರಿಯ ಪಾಳಿಗೆ ಕಳಿಸುವದು ಬೇರೆ. ಈ ಎರಡನೆಯದನ್ನು ಕುರಿತು ತಾಯ್ತಂದೆಗಳೊಡನೆಯೂ ಹಳೆಯ ವಿದ್ಯಾರ್ಥಿನಿಯರೊಡನೆಯೂ ನಾಲ್ಕು ಮಾತು ಆಡತಕ್ಕದ್ದಿದೆ.

ಕಳೆದ ವರ್ಷ ಮಳೆಗಾಲದ ಒಂದು ರವಿವಾರ ಮೂಡಲಗಿಯ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ನಮ್ಮ ಮನೆಗೆ ಬಂದಳು. ಶುಶ್ರೂಷಾ ಶಿಕ್ಷಣದ ಮೂರನೆಯ ವರ್ಷದಲ್ಲಿದ್ದ ಅವಳನ್ನು ಆಗ ಮಕ್ಕಳ ದವಾಖಾನೆಯೊಂದಕ್ಕೆ ಕೆಲಸ ಕಲಿಯಲಿಕ್ಕೆ ಕಳಿಸಿದ್ದರು. ಹುಡುಗಿ ಗೋಡೆಯತ್ತ ಮುಖ ಮಾಡಿ ಕುಳಿತಳು. ತಂದೆಯೇ ಮಾತಾಡಿದರು: “ಅಕ್ಕಾರ, ಎಂಟು ದಿನ ಆತರಿ, ಹುಡುಗಿ ಸರಿಯಾಗಿ ಉಂಡಿಲ್ಲ. ಈ ವಿದ್ಯಾ ಸಾಕರಿ. ಬಿ.ಎ. ಓದಲಿ, ಮನ್ಯಾಗ ಇರಲಿ. ನೀವ ಒಂದ ಮಾತ ಹೇಳ್ರಿ.”

ನಾವು ಹೇಳಿದ್ದನ್ನು ಮರೆಮಾಚದೆ ಬರೆಯುತ್ತೇವೆ. “ದಾದಿಯಾಗುವವಳು ಅಳಬಾರದು, ಎದೆ ಗಟ್ಟಿ ಮಾಡಿಕೊ” ಎಂದೆವು. ಅದು ತಪ್ಪು ಮಾತಾಗಿತ್ತು. ಊಟದ ಹೊತ್ತು ಮೀರಿದ ಮೇಲೆ ಅವಳು ತಾನಾಗಿಯೇ ಬಾಯಿ ಬಿಟ್ಟಾಗ ಅದು ತಿಳಿಯಿತು.

ಹುಕ್ಕೇರಿಯ ಕಡೆಯಿಂದ ಏಳು ತಿಂಗಳ ಕೂಸೊಂದನ್ನು ವಾರ್ಡಿಗೆ ತಂದಿದ್ದರಂತೆ. ಕೆಮ್ಮು ಹತ್ತಿ ನಾಲ್ಕು ದಿನವಾಗಿತ್ತು. ಹೊಟ್ಟೆಯ ಮೇಲೆ ಬರೆ ಹಾಕಿಸಿದ ಹಸಿ ಗುರುತು ಇತ್ತು. ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಅವಳಿಗೆ ಕಲಿಸಿದ್ದಾರೆ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದ ವರೆಗೆ 50, ಒಂದರಿಂದ ಐದು ವರ್ಷದ ವರೆಗೆ 40, ಇವುಗಳನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗಿನ ಎದೆ ಒಳಕ್ಕೆ ಸೇದಿದರಂತೂ ತಡಮಾಡದೆ ದವಾಖಾನೆಗೆ ಒಯ್ಯಬೇಕು. (ತಾಯಂದಿರು ಈ ಅಂಕಿಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟರೂ ನಮಗೆ ಸಂತೋಷವೇ.) ಅವಳು ಎಣಿಸಿದಾಗ 68 ಬಂದಿತು. ಓಡಿಹೋಗಿ ಹಿರಿಯ ಸಿಸ್ಟರಿಗೆ ಹೇಳಿದಳು. ಆಕ್ಸಿಜನ್ ಹಚ್ಚಿದರು, ಸೂಜಿಮದ್ದು ಕೊಟ್ಟರು, ಮಾಡತಕ್ಕದ್ದನ್ನೆಲ್ಲ ಮಾಡಿದರು. ಸಂಜೆಗೆ ಕೂಸು ತುಸು ಕಣ್ಣು ತೆರೆಯಿತು. ಆಗ ತಾಯಿ ಇವಳ ಸೆರಗು ಹಿಡಿದವಳಂತೆ ಕೈ ಹಿಡಿದು, “ನಾಳೆ ಮನೀಗೆ ಹೋಗತೀವೇನ ಅಕ್ಕಾ?” ಎಂದು ಕೇಳಿದಳು. ಇವಳು “ಹೂಂ” ಎಂದಳು. ಎರಡನೆಯ ರಾತ್ರಿ ಕೂಸು ತೀರಿಕೊಂಡಿತು.

ಸಾವಿಗಿಂತ ಆ “ಹೂಂ” ಅವಳನ್ನು ಹೆಚ್ಚು ಸುಡುತ್ತಿತ್ತು. “ಗೊತ್ತಿಲ್ಲ ಅನ್ನಬೇಕಾಗಿತ್ತರಿ, ಬಾಯಿಗೆ ಬರಲಿಲ್ಲ” ಎಂದಳು.

ಈ ಮಾತು ನಮಗೇ ತಗುಲಿತು. ಯಾಕಂದರೆ “ಗೊತ್ತಿಲ್ಲ” ಎಂಬ ಉತ್ತರಕ್ಕೆ ನಮ್ಮ ಶಾಲೆಯಲ್ಲಿ ಎಂದಾದರೂ ಗೌರವವಿತ್ತೇ? ಹಾಗೆಂದ ಹುಡುಗಿಯನ್ನು ನಾವೇ ಬೆಂಚಿನ ಮೇಲೆ ನಿಲ್ಲಿಸಿದ್ದೇವೆ. ಏನಾದರೊಂದು ಬರೆದು ಬಂದವಳಿಗೆ ಅರ್ಧ ಗುಣವಾದರೂ ಸಿಗುತ್ತದೆ. ಹಾಳೆಯನ್ನು ಬರಿದಾಗಿ ಬಿಟ್ಟವಳಿಗೆ ಸೊನ್ನೆ. ಹತ್ತು ವರ್ಷ ಹೀಗೆ ಬೆಳೆದ ಹುಡುಗಿಗೆ ದುಃಖದಲ್ಲಿದ್ದ ತಾಯಿಯೊಬ್ಬಳ ಮುಂದೆ “ನನಗೆ ತಿಳಿಯದು, ತಿಳಿದವರನ್ನು ಕರೆತರುತ್ತೇನೆ” ಎನ್ನುವ ಧೈರ್ಯ ಎಲ್ಲಿಂದ ಬಂದೀತು?

ಮಕ್ಕಳ ವಾರ್ಡಿನಲ್ಲಿ ಈ ಧೈರ್ಯ ಬೇರೆ ಕಡೆಗಿಂತ ಹೆಚ್ಚು ಬೇಕಾಗುವದು. ದೊಡ್ಡ ರೋಗಿ ತನ್ನ ಪ್ರಶ್ನೆ ತಾನು ಕೇಳುತ್ತಾನೆ; ಕೂಸಿನ ಪ್ರಶ್ನೆಯನ್ನು ತಾಯಿ, ಅಜ್ಜಿ, ಸೋದರತ್ತೆ ಮೂವರೂ ಕೇಳುತ್ತಾರೆ. ಇಂಗ್ಲೆಂಡಿನ ಅನೇಕ ದವಾಖಾನೆಗಳಲ್ಲಿ ಹಿಂದೆ ತಾಯ್ತಂದೆಗಳನ್ನು ಮಕ್ಕಳ ಹತ್ತಿರ ಕೆಲವು ಗಳಿಗೆ ಮಾತ್ರ ಬಿಡುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡು ವರ್ಷದ ಹುಡುಗಿಯೊಬ್ಬಳು ತಾಯಿಯಿಲ್ಲದೆ ದವಾಖಾನೆಯಲ್ಲಿ ಪಟ್ಟ ಸಂಕಟವನ್ನು 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು; 1959ರಲ್ಲಿ ಪ್ಲ್ಯಾಟ್ ಸಮಿತಿಯ ವರದಿಯು ಈ ನಿರ್ಬಂಧವನ್ನು ತೆಗೆಯಬೇಕೆಂದು ಹೇಳಿತು. ನಮ್ಮ ಕಡೆಯಲ್ಲಿ ತಾಯಿ ಮೊದಲಿನಿಂದಲೂ ಮಂಚದ ಬದಿಯಲ್ಲಿಯೇ ಇದ್ದಾಳೆ. ಇದು ನಮ್ಮ ಜಾಣತನವೆಂದು ಬೀಗುವ ಕಾರಣವಿಲ್ಲ. ದುಡಿಯುವ ಕೈ ಸಾಲದ್ದರಿಂದ ಆದದ್ದೂ ಇದ್ದೀತು. ಹೇಗೇ ಇರಲಿ, ಆ ತಾಯಿಗೆ ಕಲಿಯುವವಳು ಯಾರು, ಕಲಿತವಳು ಯಾರು ಎಂಬದು ತಿಳಿಯದು. ಸಮವಸ್ತ್ರ ಕಂಡೊಡನೆ ಕೇಳುತ್ತಾಳೆ.

ಬರೆಯ ವಿಷಯಕ್ಕೂ ಒಂದು ಮಾತು. ಅದನ್ನು ಕಂಡಾಗ ಬೈಯಬೇಕೆಂದು ಮನಸ್ಸಾಯಿತೆಂದು ಹುಡುಗಿ ಹೇಳಿದಳು, ಬೈಯಲಿಲ್ಲ. ತನ್ನ ಅಜ್ಜಿಯೂ ಹಾಗೆಯೇ ಮಾಡಿಸುತ್ತಿದ್ದಳೆಂದು ನೆನಪಾಯಿತಂತೆ. ಬರೆಯಿಂದ ಕೂಸಿಗೆ ಗಾಯವೂ ವಿಳಂಬವೂ ಅಲ್ಲದೆ ಮತ್ತೇನೂ ಸಿಗದೆಂಬದನ್ನು ತಾಯಿಯ ಮನಸ್ಸಿಗೆ ಮುಟ್ಟುವಂತೆ ಹೇಳಬಲ್ಲವಳು ಇಂಥ ನಮ್ಮೂರ ಹುಡುಗಿಯೇ. ದೂರದಿಂದ ಬಂದ ದಾದಿ ಎಷ್ಟು ನಿಪುಣೆಯಾದಾಗ್ಯೂ ಆ ಅಜ್ಜಿಯನ್ನು ಅರಿಯಳು. ಅದಕ್ಕಾಗಿಯೇ ತಂದೆಯ ಕೋರಿಕೆಗೆ ನಾವು ಒಪ್ಪಲಿಲ್ಲ.

ಅವರ ಬೇರೆ ಚಿಂತೆಗಳು, ಅಂದರೆ ರಾತ್ರಿಯ ಪಾಳಿ, ಮದುವೆ, ಜನರ ಬಾಯಿ, ಎಲ್ಲ ಮನೆಗಳಲ್ಲಿಯೂ ಇರುವಂಥವೇ. ಅವಕ್ಕೆ ಇಲ್ಲಿ ಉತ್ತರ ಬರೆಯುತ್ತ ಕೂಡುವದಿಲ್ಲ. ತಂದೆಗಳಲ್ಲಿ ಕೇಳುವದು ಇಷ್ಟೇ: ಮಗಳು ಇಂಥ ಸುದ್ದಿ ಹೊತ್ತು ಬಂದಾಗ ವಿದ್ಯೆ ಬಿಡಿಸಲಿಕ್ಕೆ ಅವಸರ ಮಾಡಬೇಡಿರಿ, ನಮ್ಮಂತೆ ಬಾಯಿ ಮುಚ್ಚಿಸಲೂ ಬೇಡಿರಿ. ಅವಳು ಹೇಳಿ ಮುಗಿಸುವ ವರೆಗೆ ಕೂತು ಕೇಳಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಸಿಸ್ಟರುಗಳಾಗಿರುವವರೇ, ನಿಮ್ಮ ವಾರ್ಡಿನಲ್ಲಿ ಕೂಸು ತೀರಿದ ರಾತ್ರಿ, ಕಲಿಯಲು ಬಂದ ಹುಡುಗಿಯನ್ನು ಅರ್ಧ ತಾಸು ನಿಮ್ಮ ಬದಿಗೆ ಕೂಡಿಸಿಕೊಂಡರೆ ಕೆಲಸ ಕೆಡಲಿಕ್ಕಿಲ್ಲ.

ನಮ್ಮ ಪಾಲಿನ ಕೆಲಸವೂ ಉಂಟು. ದಶಾಂಶದ ಲೆಕ್ಕವನ್ನು ನಾವು ಪರೀಕ್ಷೆಗೆಂದು ಕಲಿಸಿದೆವು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನು ಕಿಲೋ ತೂಕಕ್ಕೆ 15 ಮಿಲಿಗ್ರಾಮಿನಂತೆ ಹಿಡಿದರೆ 8 ಕಿಲೋದ ಕೂಸಿಗೆ 120 ಮಿಲಿಗ್ರಾಮು. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಮು ಇರುವ ಔಷಧವಾದರೆ ಅಳೆಯತಕ್ಕದ್ದು 4.8 ಮಿಲಿಲೀಟರು. ಬಿಂದು ಜಾರಿದರೆ 48. ಅಳೆಯುವ ಮೊದಲು ಪ್ರತಿಸಲವೂ ಇನ್ನೊಬ್ಬರಿಗೆ ತೋರಿಸುತ್ತೇನೆಂದು ಹುಡುಗಿ ಹೇಳಿದಳು. ನಮ್ಮ ವರ್ಗದಲ್ಲಿ ಪಕ್ಕದವಳಿಗೆ ಲೆಕ್ಕ ತೋರಿಸುವದು ಅಪರಾಧವಾಗಿತ್ತು! ಈ ವರ್ಷದಿಂದ ಒಂಬತ್ತನೆಯ ವರ್ಗದಲ್ಲಿ ವಾರಕ್ಕೊಂದು ತಾಸು ಇಬ್ಬರಿಬ್ಬರು ಕೂಡಿ ಲೆಕ್ಕ ಮಾಡುತ್ತಾರೆ. “ಗೊತ್ತಿಲ್ಲ” ಎಂದವಳು ಬೆಂಚು ಹತ್ತುವದಿಲ್ಲ.

ಹೋಗುವಾಗ ಹುಡುಗಿ ತಂದೆಗೆ ಒಂದೇ ಬೇಡಿಕೆ ಇಟ್ಟಳು. ಅವಳ ಕೈಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಇರಲಿಲ್ಲ. ಉಸಿರು ಎಣಿಸಲಿಕ್ಕೆ ದಿನಾಲು ಗೆಳತಿಯದನ್ನು ಕೇಳಿ ಪಡೆಯಬೇಕಾಗುತ್ತಿತ್ತು. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಅನಂತರ, ಗೋಕಾಕ ಪೇಟೆಯಲ್ಲಿ ರವಿವಾರವೂ ತೆರೆದಿರುವ ಗಡಿಯಾರದ ಅಂಗಡಿ ಯಾವದೆಂದು ನಮ್ಮನ್ನು ಕೇಳಿದರು.