ಬೀಗದ ಕೈ ಯಾರಲ್ಲಿದೆ?

ಮುಧೋಳವೆಂದೊಡನೆ ಕನ್ನಡಿಗರ ನೆನಪಿಗೆ ಬರುವವು ಎರಡು: ಹತ್ತನೆಯ ಶತಮಾನದ ಕವಿ ರನ್ನ, ಮತ್ತು ತೆಳುಮೈಯ ಬೇಟೆನಾಯಿ. ಘಟಪ್ರಭೆಯ ದಂಡೆಯ ಈ ಊರಿನಲ್ಲಿ ಮೂರನೆಯದೊಂದು ಸದ್ದಿಲ್ಲದೆ ಬೆಳೆದಿದೆ. ಅದನ್ನು ಹಾಡಿ ಹೊಗಳಿದವರು ಮಾತ್ರ ಯಾರೂ ಇಲ್ಲ. ಅದೇ ತೆರಿಗೆ ಸಲಹೆಗಾರನ ಒಂದು ಕೋಣೆಯ ಕಚೇರಿ. ಒಂದು ಮೇಜು, ಒಂದು ಗಣಕಯಂತ್ರ, ಗೋಡೆಯ ಮೇಲೆ ಲಕ್ಷ್ಮಿಯ ಪಟ, ಮೂಲೆಯಲ್ಲಿ ಊರಿನ ಅರ್ಧ ಜನರ ಆಧಾರ್ ಪ್ರತಿಗಳನ್ನು ತುಂಬಿಕೊಂಡ ಒಂದು ಕಬ್ಬಿಣದ ಕಪಾಟು. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ಇದೇ ನೋಟ; ನಾಡಿನ ಯಾವ ತಾಲ್ಲೂಕಿನ ಊರಿಗೆ ಹೋದರೂ ಇದು ಬೇರೆಯಾಗಿರಲಾರದು.

ಈ ಕೋಣೆಗೆ ಬಾರದವರು ಕಡಮೆ. ಸಕ್ಕರೆ ಕಾರ್ಖಾನೆಯ ನೌಕರ, ಪ್ರೌಢಶಾಲೆಯ ಉಪಾಧ್ಯಾಯಿನಿ, ನಾಲ್ಕು ವಿದ್ಯುತ್ ಮಗ್ಗಗಳ ಒಡೆಯ, ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ, ಎಲ್ಲರೂ ಜುಲೈ ತಿಂಗಳಲ್ಲಿ ಇಲ್ಲಿ ಬೆಂಚಿನ ಮೇಲೆ ಕುಳಿತವರೇ. ಪ್ಯಾನ್ ಸಂಖ್ಯೆ, ಬ್ಯಾಂಕಿನ ಖಾತೆ, ತೆರಿಗೆ ಇಲಾಖೆಯ ಜಾಲತಾಣದ ಗುಪ್ತಪದ, ಎಷ್ಟೋ ವೇಳೆ ಫೋನಿಗೆ ಬಂದ ಒಟಿಪಿ ಕೂಡ ಮೇಜಿನ ಆಚೆಗೆ ದಾಟಿಹೋಗುತ್ತವೆ. ವ್ಯಾಪಾರಿಗಳಾದರೆ ತಮ್ಮ ಡಿಜಿಟಲ್ ಸಹಿಯ ಕೀಲಿಯನ್ನೇ ಸಲಹೆಗಾರನ ಡ್ರಾಯರಿನಲ್ಲಿ ಬಿಟ್ಟುಹೋಗುವುದುಂಟು. 2000ದ ಮಾಹಿತಿ ತಂತ್ರಜ್ಞಾನ ಕಾನೂನಿನ ಪ್ರಕಾರ ಆ ಸಹಿಗೆ ಕೈಯಿಂದ ಹಾಕಿದ ಸಹಿಯಷ್ಟೇ ಬಲವಿದೆ. ಖಾಲಿ ಕಾಗದಕ್ಕೆ ರುಜು ಹಾಕಿ ಕೊಡೆಂದರೆ ಸಿಡಿದೇಳುವ ಗೃಹಸ್ಥ ಇದನ್ನು ನಗುನಗುತ್ತ ಕೊಟ್ಟುಬರುತ್ತಾನೆ. ಊರಿನ ವೈದ್ಯನಿಗೆ ದೇಹದ ಗುಟ್ಟು ಗೊತ್ತು, ಅರ್ಚಕನಿಗೆ ಗೋತ್ರ ಗೊತ್ತು. ಉಳಿದುದೆಲ್ಲ ಈತನಿಗೆ ಗೊತ್ತು.

ಹಾಗಾದರೆ ಈತನಿಗೆ ಕಲಿಸುವವರಾರು? ಚಾರ್ಟರ್ಡ್ ಅಕೌಂಟೆಂಟರ ಮಾತು ಬೇರೆ. 1949ರ ಕಾನೂನಿನಿಂದ ಹುಟ್ಟಿದ ಅವರ ಸಂಸ್ಥೆ ಪದವಿ ಕೊಟ್ಟು ಸುಮ್ಮನಾಗುವುದಿಲ್ಲ. ವೃತ್ತಿಯಲ್ಲಿರುವವರು ಓದುತ್ತಲೇ ಇರಬೇಕೆಂಬುದು ಅದರ ಕಟ್ಟು. 2023ರಿಂದ 2025ರವರೆಗಿನ ಮೂರು ವರ್ಷಗಳ ಸರದಿಗೆ ಅರುವತ್ತರೊಳಗಿನವರಿಗೆ 120 ಗಂಟೆಗಳ ವ್ಯಾಸಂಗವನ್ನು ಅದು ವಿಧಿಸಿತ್ತು. ಆದರೆ ತಾಲ್ಲೂಕಿನ ಊರುಗಳಲ್ಲಿ ಬೆಂಚಿನ ಎದುರಿಗೆ ಕುಳಿತಿರುವವರು ಬಹುಮಟ್ಟಿಗೆ ವಾಣಿಜ್ಯ ಪದವೀಧರರು, ಹಳೆಯ ಮಾರಾಟ ತೆರಿಗೆಯ ಕಾಲದಿಂದ ಬಂದ ಅನುಭವಿಗಳು. ಜಿ.ಎಸ್.ಟಿ. ವೃತ್ತಿಗನಾಗಲು ಒಂದು ಪರೀಕ್ಷೆಯನ್ನೇನೋ ದಾಟಬೇಕು. ದಾಟಿದ ಮೇಲೆ ವರ್ಷಕ್ಕೆ ಇಷ್ಟು ಗಂಟೆ ಓದೆಂದು ಹೇಳುವವರಿಲ್ಲ. ಇನ್ನೊಬ್ಬರ ಆದಾಯ ತೆರಿಗೆಯ ವಿವರಪಟ್ಟಿ ತುಂಬಿಕೊಡುವುದಕ್ಕಂತೂ ಪರವಾನಗಿಯೇ ಬೇಡ. ಕ್ಷೌರದ ಅಂಗಡಿಗೂ ಒಂದು ಪರವಾನಗಿ ಬೇಕಾದ ನಾಡಿನಲ್ಲಿ ಇದು ಸ್ವಲ್ಪ ವಿಚಿತ್ರವೇ ಸರಿ.

ಓದಲು ವಿಷಯವಿಲ್ಲವೆನ್ನುವಂತಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 'ವೇತನ'ವೆಂಬ ಮಾತಿಗೇ ಹೊಸ ಅರ್ಥ ಬಂದಿತು. ಭತ್ಯಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಎಣಿಕೆಗೆ ಬರುತ್ತದೆ. 1961ರ ಆದಾಯ ತೆರಿಗೆ ಕಾನೂನಿಗೆ ಬದಲಾಗಿ 2025ರ ಹೊಸ ಕಾನೂನು 2026ರ ಏಪ್ರಿಲ್ 1ರಿಂದ ಬಂದಿದೆ. ಅರ್ಧ ಶತಮಾನ ಬಾಯಿಪಾಠವಾಗಿದ್ದ ಕಲಮುಗಳ ಸಂಖ್ಯೆಗಳೆಲ್ಲ ಅದರೊಡನೆ ಬದಲಾದುವು. ಕರ್ನಾಟಕದ ವೃತ್ತಿ ತೆರಿಗೆಯಂಥ ಚಿಕ್ಕ ಬಾಬೂ ನಿಂತಲ್ಲಿ ನಿಂತಿಲ್ಲ: ತಿಂಗಳಿಗೆ 200 ರೂಪಾಯಿಯಿದ್ದದ್ದು 2025ರ ತಿದ್ದುಪಡಿಯಿಂದ ಫೆಬ್ರುವರಿಯೊಂದರಲ್ಲಿ 300 ಆಯಿತು, ಸಂವಿಧಾನ ಹಾಕಿದ 2500ರ ವಾರ್ಷಿಕ ಮಿತಿಗೆ ಸರಿಯಾಗಿ ಮುಟ್ಟಲೆಂದು. ಇವೆಲ್ಲ ತಿಳಿಯದ ಸಲಹೆಗಾರ ಲೆಕ್ಕ ತಪ್ಪಿಸುತ್ತಾನೆ. ಅದು ಸಣ್ಣ ಕೇಡು. ತಪ್ಪಿದ ಲೆಕ್ಕವನ್ನು ಮುಂದಿನ ತಿಂಗಳು ತಿದ್ದಬಹುದು.

ದೊಡ್ಡ ಕೇಡು ಬೇರೊಂದಿದೆ. ದೇಶದ ಆದಾಯ ತೆರಿಗೆಯ ವಿವರಪಟ್ಟಿಗಳು ಪರಿಶೀಲನೆಗೆ ಬಂದು ಸೇರುವ ಕೇಂದ್ರವಿರುವುದು ಬೆಂಗಳೂರಿನಲ್ಲಿ. ಅದೇ ಬೆಂಗಳೂರಿನಲ್ಲಿ 2018ರ ಆರಂಭದಲ್ಲಿ ಒಂದು ಪ್ರಕರಣ ಹೊರಬಿದ್ದಿತು. ಒಬ್ಬ ತೆರಿಗೆ ಸಲಹೆಗಾರನ ಮೂಲಕ ಸಾವಿರಕ್ಕೂ ಮಿಕ್ಕಿದ ಸಂಬಳದಾರರು, ಅವರಲ್ಲಿ ಹೆಸರಾಂತ ಕಂಪನಿಗಳ ನೌಕರರೂ ಇದ್ದರು, ಮನೆಯ ಬಾಬಿನಲ್ಲಿ ಇಲ್ಲದ ನಷ್ಟವನ್ನು ತೋರಿಸಿ, ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಕೇಳಿದ್ದರು. ಆ ವರ್ಷದ ಏಪ್ರಿಲಿನಲ್ಲಿ ಕೇಂದ್ರವು ಸಂಬಳದಾರರಿಗೆಲ್ಲ ಎಚ್ಚರಿಕೆ ಕೊಟ್ಟಿತು. ಏಳು ವರ್ಷ ಕಳೆದರೂ ಚಾಳಿ ನಿಲ್ಲಲಿಲ್ಲ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆಗಳಲ್ಲಿ ತಪಾಸಣೆಗೆ ಇಳಿಯಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ 1,045 ಕೋಟಿ ರೂಪಾಯಿಗಳ ಸುಳ್ಳು ಕೋರಿಕೆಗಳನ್ನು ಹಿಂತೆಗೆದುಕೊಂಡಿದ್ದರೆಂದು ಅಂದು ಪ್ರಕಟವಾಯಿತು. ಕೊಡದ ಬಾಡಿಗೆ, ನೀಡದ ದೇಣಿಗೆ, ಮಾಡದ ಸಾಲ, ಬಾರದ ರೋಗ: ಎಲ್ಲಕ್ಕೂ ರಿಯಾಯಿತಿ!

ಆ ದಿನದ ಪ್ರಕಟಣೆಯಲ್ಲಿ ಒಂದು ಸಣ್ಣ ಸಂಗತಿಯಿತ್ತು; ಕೋಟಿಗಳ ಅಂಕಿಗಿಂತ ಅದೇ ಹೆಚ್ಚು ಭಯಂಕರ. ಇಂಥ ದಲ್ಲಾಳಿಗಳು ನೂರಾರು ಜನರ ವಿವರಪಟ್ಟಿಗಳಿಗಾಗಿ ತಾತ್ಕಾಲಿಕ ಇ-ಮೇಲ್ ವಿಳಾಸಗಳನ್ನು ಸೃಷ್ಟಿಸಿ, ಕೆಲಸ ಮುಗಿದೊಡನೆ ಅವನ್ನು ತೊರೆದುಬಿಡುತ್ತಿದ್ದರು. ಇಲಾಖೆಯ ನೋಟೀಸು ಆ ಹಾಳುಮನೆಯ ಬಾಗಿಲಿಗೆ ಹೋಗಿ ಬೀಳುತ್ತದೆ. ಸಂಬಳದಾರನಿಗೆ ಏನೂ ತಿಳಿಯದು. ತಿಳಿಯುವ ಹೊತ್ತಿಗೆ ತೆರಿಗೆಯ ಮೇಲೆ ಬಡ್ಡಿ, ಬಡ್ಡಿಯ ಮೇಲೆ ತೆರಿಗೆಯ ಇಮ್ಮಡಿಯವರೆಗಿನ ದಂಡ ಸಿದ್ಧವಾಗಿರುತ್ತದೆ. ಮರಳಿಬಂದ ಹಣದಲ್ಲಿ ಪಾಲು ಪಡೆದ ದಲ್ಲಾಳಿ ಅಷ್ಟರಲ್ಲಿ ಅಂಗಡಿಯ ಹಲಗೆಯನ್ನೇ ಬದಲಿಸಿರಬಹುದು. ಆದರೆ ನಿಷ್ಠುರವಾದರೂ ಒಂದು ಮಾತು ಹೇಳಲೇಬೇಕು: ಈ ಕಥೆಯಲ್ಲಿ ಸಂಬಳದಾರನೆಲ್ಲ ಮುಗ್ಧನಲ್ಲ. "ಪಕ್ಕದ ಮನೆಯವರಿಗೆ ಇಪ್ಪತ್ತು ಸಾವಿರ ಬಂತಂತೆ, ನಮಗೇಕೆ ಬರಲಿಲ್ಲ?" ಎಂದು ಕೇಳುವವನೂ ಅವನೇ. ಪ್ರಾಮಾಣಿಕ ಸಲಹೆಗಾರ ಗಿರಾಕಿ ಕಳೆದುಕೊಳ್ಳುವುದು ಈ ಒಂದು ಪ್ರಶ್ನೆಯ ಮುಂದೆ.

ಸಂಬಳಪಟ್ಟಿಯ ಕಡೆಗೆ ತಿರುಗಿದರೆ ವಂಚನೆಯ ವೇಷ ಬೇರೆ. ಕಬ್ಬು ನುರಿಯುವ ಹಂಗಾಮು ಬಂದಿತೆಂದರೆ ಈ ಸೀಮೆಯ ಹಾಜರಿ ಪುಸ್ತಕಗಳು ಉಬ್ಬುತ್ತವೆ, ಹಂಗಾಮು ಮುಗಿದರೆ ಇಳಿಯುತ್ತವೆ. ಹೀಗೆ ಏರಿಳಿಯುವ ಪಟ್ಟಿ ಎಲ್ಲಿದ್ದರೂ ಅಲ್ಲಿ ಇಲ್ಲದ ಆಳಿನ ಹೆಸರೊಂದು ನುಸುಳಲು ಎಡೆಯಿರುತ್ತದೆ. ಲೆಕ್ಕಪರಿಶೋಧಕರು ಅದನ್ನು 'ಭೂತ ನೌಕರ'ನೆನ್ನುತ್ತಾರೆ. ಭೂತವನ್ನು ಹಿಡಿಯುವ ಮಂತ್ರ ಸರಳವಾದುದೇ. ಹೆಸರು ಸೇರಿಸುವವನೂ ಸಂಬಳ ಬಟವಾಡೆ ಮಾಡುವವನೂ ಒಬ್ಬನೇ ಆಗಿರಬಾರದು. ಒಂದೇ ಬ್ಯಾಂಕು ಖಾತೆಗೆ ಎರಡು ಹೆಸರುಗಳ ಸಂಬಳ ಹೋಗುತ್ತಿದೆಯೆ ಎಂದು ತಿಂಗಳಿಗೊಮ್ಮೆ ನೋಡಬೇಕು. ಇನ್ನೊಂದು ಬಗೆ ದೂರದಿಂದ ಬಂದದ್ದು. 2016 ಮತ್ತು 2017ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಸಂಬಳ ವಿಭಾಗದವರನ್ನು ಮೇಲಿಂದ ಮೇಲೆ ಎಚ್ಚರಿಸಿತು: ಕಂಪನಿಯ ಮುಖ್ಯಾಧಿಕಾರಿಯ ಹೆಸರಿನಲ್ಲಿ ಒಂದು ಮಿಂಚಂಚೆ ಬರುತ್ತದೆ, 'ಎಲ್ಲ ನೌಕರರ ಸಂಬಳದ ತೆರಿಗೆ ಪತ್ರಗಳನ್ನು ಕೂಡಲೇ ಕಳುಹಿಸು' ಎಂದು. ವಿಧೇಯ ಗುಮಾಸ್ತ ಕಳುಹಿಸುತ್ತಾನೆ. ಕೇಳಿದವನು ಮುಖ್ಯಾಧಿಕಾರಿಯಲ್ಲವೆಂದು ತಿಳಿಯುವಷ್ಟರಲ್ಲಿ ನೌಕರರ ಹೆಸರಿನಲ್ಲಿ ಬೇರೆ ಯಾರೋ ತೆರಿಗೆ ಮರುಪಾವತಿ ಕೇಳಿರುತ್ತಾರೆ. ದೂರವಾಣಿ ಎತ್ತಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಅಲ್ಲಿ ನೋಂದಾಯಿತ ತೆರಿಗೆ ಪ್ರತಿನಿಧಿಗಳಿಗೆ ಮೂರು ವರ್ಷಕ್ಕೆ 72 ಗಂಟೆಗಳ ವ್ಯಾಸಂಗ ಕಡ್ಡಾಯ. ವರ್ಷಕ್ಕೆ ಎರಡು ಗಂಟೆಯಾದರೂ ವೃತ್ತಿಧರ್ಮದ ಪಾಠವಿರಬೇಕು. ತೆರಿಗೆ ಕೆಲಸ ಮಾಡುವ ಚಿಕ್ಕ ಕಚೇರಿಯೂ ಗಿರಾಕಿಗಳ ಮಾಹಿತಿಯನ್ನು ಹೇಗೆ ಕಾಪಾಡುವುದೆಂಬ ಯೋಜನೆಯನ್ನು ಬರೆದಿಟ್ಟುಕೊಂಡಿರಬೇಕು. ಭಾರತದಲ್ಲಿ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂದಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಪ್ರಕಟವಾದುವು. ಗರಿಷ್ಠ ದಂಡ 250 ಕೋಟಿ ರೂಪಾಯಿ. ಮುಧೋಳದ ಒಂದು ಕೋಣೆಯ ಕಚೇರಿಯಲ್ಲಿ ಈ ಅಂಕಿಯನ್ನು ಹೇಳಿದರೆ ನಗುವೇ ಉತ್ತರ. ಕಪಾಟಿಗೆ ಒಂದು ಒಳ್ಳೆಯ ಬೀಗ ಹಾಕೆಂದು ಹೇಳಿಕೊಡುವುದು ಹೆಚ್ಚು ಉಪಯುಕ್ತ.

ಕಾಗದದ ಪ್ರತಿಯಿಂದ ಏನಾದೀತೆಂದು ಕೇಳುವವರಿಗೆ 2023ರ ಸಂಗತಿ ಸಾಕು. ಜಮೀನು ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ರಾಜ್ಯದ ಕಾವೇರಿ ಜಾಲತಾಣದಿಂದ ತೆಗೆದು, ಅವುಗಳ ನಕಲು ಮಾಡಿ, ಆಧಾರ್ ಆಧರಿಸಿದ ಪಾವತಿಯ ಮೂಲಕ ಜನರ ಖಾತೆಗಳಿಂದ ಹಣ ಎತ್ತಿದುದು ಪೊಲೀಸರ ಗಮನಕ್ಕೆ ಬಂದಿತು. ಕಳ್ಳನಿಗೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಹೆಬ್ಬೆಟ್ಟು. ಸಲಹೆಗಾರನ ಕಪಾಟಿನಲ್ಲಿ ಮೊದಲೆರಡು ಹೇಗೂ ಇವೆ. ಕ್ರಯಪತ್ರದ ಪ್ರತಿಯಿದ್ದರೆ ಮೂರನೆಯದೂ.

ಇಂಥವನ್ನು ಕಲಿಸುವ ತರಗತಿ ಎಲ್ಲಿ ನಡೆಯಬೇಕು? ಬಳೆಗಾರರ ಮನೆಯ ರನ್ನ ವಿದ್ಯೆಯನ್ನು ಅರಸಿ ಮುಧೋಳದಿಂದ ಶ್ರವಣಬೆಳಗೊಳದವರೆಗೆ ಹೋದ. ಅಜಿತಸೇನಾಚಾರ್ಯರು ದೊರೆತರು, ಚಾವುಂಡರಾಯ ಪೋಷಿಸಿದ. ಇಂದಿನ ಸಲಹೆಗಾರನಿಗೆ ಚಾವುಂಡರಾಯರಿಲ್ಲ, ಅಂಗಡಿ ಮುಚ್ಚಿ ನೂರು ಕಿಲೊಮೀಟರಿಗೆ ಮಿಕ್ಕಿದ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಲು ಪುರುಸೊತ್ತೂ ಇಲ್ಲ. ಹೋದರೂ ಉಪನ್ಯಾಸ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಊರಿನ ಕಾಲೇಜಿನ ವಾಣಿಜ್ಯ ವಿಭಾಗವಿದೆ, ಸಂಜೆ ಖಾಲಿಯಾಗುವ ಕೊಠಡಿಗಳಿವೆ. ನುರಿಯುವ ಹಂಗಾಮು ಮುಗಿದು ವಿವರಪಟ್ಟಿಯ ಹಂಗಾಮು ತೊಡಗುವ ಮುನ್ನ, ಮೇ ತಿಂಗಳಿನ ನಾಲ್ಕು ಶನಿವಾರ ಕನ್ನಡದಲ್ಲಿ ಪಾಠ ನಡೆದರೆ ಯಾವ ಸಂಸ್ಥೆಯ ಬೊಕ್ಕಸವೂ ಬರಿದಾಗದು. ಹೊಸ ಕಾನೂನಿನ ಕಲಮುಗಳಿಗೆ ಒಂದು ಶನಿವಾರ ಸಾಕು. ಉಳಿದ ಮೂರನ್ನು ಬೀಗ, ಗುಪ್ತಪದ, ಮತ್ತು 'ಆಗುವುದಿಲ್ಲ' ಎಂದು ಗಿರಾಕಿಗೆ ಹೇಳುವ ಅಭ್ಯಾಸಕ್ಕೆ ಕೊಡಬಹುದು.

ಓದುಗರು ಆ ತನಕ ಕಾಯಬೇಕಾಗಿಲ್ಲ. ಇಲಾಖೆಯ ಜಾಲತಾಣದಲ್ಲಿ ತಮ್ಮ ಹೆಸರಿನ ಮುಂದೆ ಇರುವ ಮೊಬೈಲ್ ಸಂಖ್ಯೆ, ಇ-ಮೇಲ್ ವಿಳಾಸಗಳು ಯಾರವೆಂದು ಈ ವಾರವೇ ನೋಡಬಹುದು. ಅಲ್ಲಿಯೇ ವಾರ್ಷಿಕ ಮಾಹಿತಿ ಪಟ್ಟಿಯೂ ಇದೆ. ಸಂಬಳದಲ್ಲಿ ಮುರಿದುಕೊಂಡ ತೆರಿಗೆ ನಿಜವಾಗಿ ಸರಕಾರಕ್ಕೆ ಸಂದಿದೆಯೆ ಎಂಬುದು ಅದರಲ್ಲಿ ಕಾಣುತ್ತದೆ. ಆಧಾರ್ ಪ್ರತಿ ಕೇಳಿದಲ್ಲಿ ಕೊನೆಯ ನಾಲ್ಕೇ ಅಂಕಿಗಳು ಕಾಣುವ ಮುಸುಕಿನ ಪ್ರತಿಯನ್ನು ಕೊಡಬಹುದು, ಬೆರಳಚ್ಚಿಗೆ ಆಧಾರ್ ತಾಣದಲ್ಲಿಯೇ ಬೀಗ ಹಾಕಬಹುದು. ಡಿಜಿಟಲ್ ಸಹಿಯ ಕೀಲಿ ಯಾರ ಡ್ರಾಯರಿನಲ್ಲಿದೆಯೋ ಅಲ್ಲಿಂದ ಅದನ್ನು ಮನೆಗೆ ತರಬಹುದು; ಒಳ್ಳೆಯ ಸಲಹೆಗಾರನಾದರೆ ಬೇಸರಪಟ್ಟುಕೊಳ್ಳಲಾರ.