ಸಂಬಳ ಬಂದ ದಿನವೇ ಖಾತೆ ಖಾಲಿ: ಆ್ಯಪ್ ಸಾಲದ ಕಂತಿಗೆ ಬೇಲಿ ಹಾಕುವುದು ಹೇಗೆ?

ಹೊಸೂರು: ತಿಂಗಳ ಏಳನೇ ತಾರೀಕು ಬಂತೆಂದರೆ ಸಿಪ್ಕಾಟ್ ಕಾರ್ಖಾನೆಗಳ ಕಾರ್ಮಿಕರ ಮೊಬೈಲಿಗೆ ಒಂದರ ಹಿಂದೊಂದು ಮೆಸೇಜು ಬರುತ್ತದೆ. ಮೊದಲನೆಯದು ಸಂಬಳ ಜಮೆಯಾದದ್ದು. ಎರಡನೆಯದು, ಮೂರನೆಯದು, ನಾಲ್ಕನೆಯದು ಸಾಲದ ಕಂತು ಕಡಿತವಾದದ್ದು. ಶಿಫ್ಟ್ ಮುಗಿಸಿ ಮನೆ ಮುಟ್ಟುವ ಹೊತ್ತಿಗೆ ಖಾತೆಯಲ್ಲಿ ಬಾಡಿಗೆಗೂ ಸಾಲದಷ್ಟು ಹಣ. ಇಪ್ಪತ್ತನೇ ತಾರೀಕಿಗೆ ಮತ್ತೊಂದು ಆ್ಯಪ್, ಮತ್ತೊಂದು ಸಾಲ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಸಾಲ ಹೊಸದಲ್ಲ. ಚೀಟಿ, ಕೈಸಾಲ, ಒಡವೆ ಅಡ, ಸಂಘದ ಸಾಲ ಎಲ್ಲವೂ ಇದ್ದವು. ಆದರೆ ಹಿಂದೆ ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೇಳಬೇಕಿತ್ತು. 'ಈ ತಿಂಗಳು ಕಷ್ಟ ಐತೆ ಅಣ್ಣ, ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ' ಅನ್ನುವುದಕ್ಕೆ ಜಾಗವಿತ್ತು. ಈಗ ಕೇಳುವವರೇ ಇಲ್ಲ. ಸಂಬಳ ಮನೆಯವರ ಕೈ ಸೇರುವ ಮೊದಲೇ ಕಂಪ್ಯೂಟರ್ ಎತ್ತಿಕೊಳ್ಳುತ್ತದೆ.

ಕೋರ್ಟೂ ಮುಟ್ಟದ ಹಣ

ಕಾರ್ಮಿಕನ ಸಂಬಳಕ್ಕೆ ಕಾನೂನಿನಲ್ಲಿ ರಕ್ಷಣೆ ಇಲ್ಲವೆಂದಲ್ಲ. ಎರಡು ಗಟ್ಟಿ ಬೇಲಿಗಳಿವೆ.

ಮೊದಲನೆಯದು ಮಾಲೀಕನ ಮಟ್ಟದಲ್ಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ಪಿಎಫ್, ತೆರಿಗೆ, ಮಾಲೀಕನೇ ಕೊಟ್ಟ ಮುಂಗಡ, ಕೋರ್ಟಿನ ಆದೇಶ ಹೀಗೆ ಕಾನೂನು ಹೆಸರಿಸಿದ ಕಾರಣಗಳಿಗೆ ಮಾತ್ರ ಹಿಡಿಯಬಹುದು. ಎಲ್ಲ ಕಡಿತ ಸೇರಿಸಿದರೂ ಸಂಬಳದ ಅರ್ಧ ಮೀರುವಂತಿಲ್ಲ. ಸಾಲದ ಆ್ಯಪಿನವನು ಕಂಪನಿಗೆ ಫೋನ್ ಮಾಡಿ 'ಇವನ ಸಂಬಳದಲ್ಲಿ ಹಿಡಿದು ಕೊಡಿ' ಎಂದರೆ ಹಿಡಿಯುವುದಕ್ಕೆ ಬರುವುದಿಲ್ಲ.

ಎರಡನೆಯದು ಕೋರ್ಟಿನ ಮಟ್ಟದಲ್ಲಿ. ಸಾಲ ಕೊಟ್ಟವನು ದಾವೆ ಹೂಡಿ ಡಿಕ್ರಿ ಪಡೆದರೂ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಸಂಬಳದ ಮೊದಲ 1,000 ರೂ. ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಜಪ್ತಿ ಮಾಡುವಂತಿಲ್ಲ. ಒಂದೇ ಡಿಕ್ರಿಗೆ 24 ತಿಂಗಳು ಜಪ್ತಿ ನಡೆದರೆ ಆಮೇಲೆ ಆ ಡಿಕ್ರಿಗೆ ಸಂಬಳ ಮುಟ್ಟುವ ಹಾಗಿಲ್ಲ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಗಂತೂ ಜಪ್ತಿಯೇ ಇಲ್ಲ. ಪಿಎಫ್ ಹಣಕ್ಕೂ ರಕ್ಷಣೆ ಇದೆ.

ತಿಂಗಳಿಗೆ 18,000 ರೂ. ಸಂಬಳವೆಂದು ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ. ಮೊದಲ 1,000 ಬಿಟ್ಟು ಉಳಿದದ್ದು 17,000. ಇದರಲ್ಲಿ 11,333 ರೂ. ರಕ್ಷಿತ. ಅಂದರೆ ಕೋರ್ಟೇ ಆದೇಶ ಮಾಡಿದರೂ ತಿಂಗಳಿಗೆ 5,667 ರೂ. ಮಾತ್ರ ಹೋಗಬಹುದು, 12,333 ರೂ. ಮನೆಗೆ ಬರಲೇಬೇಕು.

ಅದೇ ಕಾರ್ಮಿಕ ಮೂರು ಆ್ಯಪ್‌ಗಳಲ್ಲಿ 4,500, 3,800 ಮತ್ತು 5,200 ರೂ. ಕಂತು ಒಪ್ಪಿಕೊಂಡಿದ್ದರೆ ಒಂದೇ ದಿನ 13,500 ಹೋಗುತ್ತದೆ. ಉಳಿಯುವುದು 4,500. ನ್ಯಾಯಾಧೀಶರೂ ಮುಟ್ಟಲಾಗದ ಹಣವನ್ನು ಆ್ಯಪ್ ಮುಟ್ಟುತ್ತದೆ.

ಬೇಲಿ ಮುರಿದದ್ದು ಎಲ್ಲಿ?

ಉತ್ತರ 'ಮ್ಯಾಂಡೇಟ್' ಎಂಬ ಒಂದು ಪದದಲ್ಲಿದೆ. ಸಾಲ ಪಡೆಯುವಾಗ ಒಟಿಪಿ ಒತ್ತಿ ಒಪ್ಪಿಕೊಳ್ಳುವ ಆಟೋ ಡೆಬಿಟ್ ಒಪ್ಪಿಗೆ ಅದು. ಕಾನೂನಿನ ಬೇಲಿ ಇರುವುದು ಮಾಲೀಕನ ಕಡಿತಕ್ಕೆ ಮತ್ತು ಕೋರ್ಟಿನ ಜಪ್ತಿಗೆ. ಸಂಬಳ ಬ್ಯಾಂಕ್ ಖಾತೆಗೆ ಬಿದ್ದ ಮೇಲೆ ಖಾತೆದಾರನೇ ಕೊಟ್ಟ ಒಪ್ಪಿಗೆಯ ಮೇಲೆ ಹೋಗುವ ಹಣಕ್ಕೆ ಅರ್ಧ, ಮೂರನೇ ಒಂದು ಎಂಬ ಮಿತಿ ಯಾವುದೂ ಇಲ್ಲ. ಸಂಘದ ಮೈಕ್ರೋಫೈನಾನ್ಸ್ ಸಾಲಕ್ಕಾದರೂ 2022ರಿಂದ ಒಂದು ನಿಯಮವಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅದಕ್ಕಿಂತ ಹೆಚ್ಚು ಆದಾಯವಿರುವ ಮನೆಯ ಸಂಬಳದಾರನಿಗೆ ಕೊಡುವ ಆ್ಯಪ್ ಸಾಲಕ್ಕೆ ಅಂಥ ಗೆರೆ ಎಳೆದಿಲ್ಲ.

ಜತೆಗೆ ಬಡ್ಡಿಯ ಮಾತು. ದಿನಕ್ಕೆ ನೂರಕ್ಕೆ ಒಂದು ಎಂದರೆ ಕೇಳುವುದಕ್ಕೆ ಕಡಿಮೆ. ವರ್ಷಕ್ಕೆ ಅದು ನೂರಕ್ಕೆ 365. ಕಳ್ಳ ಆ್ಯಪ್‌ಗಳದು ಇನ್ನೂ ಘೋರ. 10,000 ಸಾಲವೆಂದು ಹೇಳಿ 3,000 'ಪ್ರೊಸೆಸಿಂಗ್ ಫೀ' ಮುರಿದು 7,000 ಕೈಗೆ ಕೊಟ್ಟು, ವಾರದಲ್ಲಿ 10,000 ಕೇಳಿದರೆ ಏಳೇ ದಿನಕ್ಕೆ ನೂರಕ್ಕೆ 43ರ ಬಡ್ಡಿಯಾಯಿತು. ಕಂದುವಟ್ಟಿ, ಮೀಟರ್ ವಟ್ಟಿ ಎಂದು ತಮಿಳುನಾಡು 2003ರಲ್ಲೇ ಕಾನೂನು ಮಾಡಿ ನಿಷೇಧಿಸಿದ ಬಡ್ಡಿಗಳ ಅಣ್ಣತಮ್ಮನೇ ಇದು, ಮೊಬೈಲ್ ಒಳಗೆ ಕೂತಿದೆ ಅಷ್ಟೆ.

ರಿಸರ್ವ್ ಬ್ಯಾಂಕ್ ಏನು ಹೇಳುತ್ತದೆ?

2020ರ ಕೊನೆಯಲ್ಲಿ ತೆಲಂಗಾಣದಲ್ಲಿ ಆ್ಯಪ್ ಸಾಲದ ಕಿರುಕುಳಕ್ಕೆ ಜೀವ ಕಳೆದುಕೊಂಡವರ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತ್ತು. 2021ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಕಾರ್ಯತಂಡ ರಚಿಸಿತು. 2022ರ ಸೆಪ್ಟೆಂಬರ್ 2ರಂದು ಮಾರ್ಗಸೂಚಿ ಬಂತು. 2025ರ ಮೇ 8ರಂದು ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಅದರಲ್ಲಿ ಮನೆಮನೆಗೆ ಗೊತ್ತಿರಬೇಕಾದ ಅಂಶಗಳು ಕೆಲವು:

ಸಾಲದ ಹಣ ನೇರ ಸಾಲಗಾರನ ಖಾತೆಗೆ ಬರಬೇಕು, ಮರುಪಾವತಿ ನೇರ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಖಾತೆಗೆ ಹೋಗಬೇಕು. ಏಜೆಂಟನ ಫೋನ್ ನಂಬರಿಗೆ ಹಣ ಹಾಕುವುದು ಬೇಡ.

ಆ್ಯಪ್ ಮೊಬೈಲಿನ ಫೋನ್ ನಂಬರುಗಳ ಪಟ್ಟಿ, ಫೋಟೋ, ಕರೆಗಳ ವಿವರ ತೆಗೆದುಕೊಳ್ಳುವಂತಿಲ್ಲ.

ಸಾಲ ಪಡೆದ ಮೇಲೆ ಮನಸ್ಸು ಬದಲಾದರೆ ಕನಿಷ್ಠ ಒಂದು ದಿನದ ಅವಕಾಶವಿದೆ. ಅಸಲು ಮತ್ತು ಅಷ್ಟು ದಿನದ ಖರ್ಚು ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಪ್ರೊಸೆಸಿಂಗ್ ಶುಲ್ಕ ಮಾತ್ರ ವಾಪಸು ಬಾರದಿರಬಹುದು.

ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸುವಂತಿಲ್ಲ.

ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆಂಟರು, ಸ್ನೇಹಿತರ ಮುಂದೆ ಮಾನ ಕಳೆಯುವಂತಿಲ್ಲ.

ಗಡಿನಾಡಿನವರಿಗೆ ಬಹಳ ಮುಖ್ಯವಾದದ್ದು ಇನ್ನೊಂದಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಸಾಲಗಳಿಗೆ ಕೊಡುವ 'ಮುಖ್ಯ ಅಂಶಗಳ ಪತ್ರ' ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಬೇಕು. ವರ್ಷಕ್ಕೆ ಒಟ್ಟು ಎಷ್ಟು ಶೇಕಡಾ ಬೀಳುತ್ತದೆ ಎಂಬುದು ಅದರಲ್ಲೇ ಇರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಆ್ಯಪಿನಲ್ಲಿ ಇಂಗ್ಲಿಷು ಎಂಬ ಗೊಂದಲದಲ್ಲಿ ಒಟಿಪಿ ಒತ್ತುವ ಬದಲು 'ಪತ್ರ ಕನ್ನಡದಲ್ಲಿ ಕೊಡಿ' ಎಂದು ಕೇಳುವುದು ಹಕ್ಕಿನ ಮಾತು. ಹೊಸೂರಿನಲ್ಲಿದ್ದಾರೆ, ತಮಿಳು ಸಾಕು ಎಂದು ಕಂಪನಿ ತಾನೇ ತೀರ್ಮಾನಿಸುವ ವಿಷಯ ಅಲ್ಲ.

ಸಾಲವೂ ತೀರಬೇಕು, ಒಲೆಯೂ ಉರಿಯಬೇಕು

ಸಾಲ ತೀರಿಸದೆ ಮೊಬೈಲ್ ನಂಬರು ಬದಲಿಸಿ ಕೂತರೆ ಆಗುವುದಿಲ್ಲ. ಮ್ಯಾಂಡೇಟ್ ರದ್ದು ಮಾಡಲು ಬ್ಯಾಂಕಿಗೆ ಅರ್ಜಿ ಕೊಡಬಹುದು, ನಿಜ. ಆದರೆ ರದ್ದಾದರೂ ಸಾಲ ಉಳಿದೇ ಇರುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ಬ್ಯಾಂಕೂ ಕಂಪನಿಯೂ ಬೇರೆಬೇರೆ ದಂಡ ಹಾಕುತ್ತವೆ. 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಮಿನಡಿ, ಚೆಕ್ ಬೌನ್ಸಿನ ಹಾಗೆಯೇ, ಕೇಸು ಹಾಕಲೂ ಅವಕಾಶವಿದೆ. ಅದಕ್ಕೆ ಮೊದಲು 30 ದಿನದೊಳಗೆ ಲಿಖಿತ ನೋಟಿಸು ಕೊಟ್ಟು, ಪಾವತಿಗೆ 15 ದಿನ ಬಿಡಬೇಕು. ಆದ್ದರಿಂದ ಅಂಥ ನೋಟಿಸು ಬಂದರೆ ಮೂಲೆಗೆ ಎಸೆಯಬಾರದು. ಹಾಗೆಂದು ಕಂತು ತಪ್ಪಿದ ಮರುದಿನವೇ 'ಪೊಲೀಸರು ಬರ್ತಾರೆ' ಎಂದು ಫೋನಿನಲ್ಲಿ ಹೆದರಿಸುವುದು ಬರೀ ಬೆದರಿಕೆ.

ಸುರಕ್ಷಿತ ದಾರಿ ಎಂದರೆ ಸಂಬಳಕ್ಕೆ ಮೊದಲೇ ಮಾತಾಡುವುದು. ಗಂಡಹೆಂಡತಿ ಕೂತು ಬಾಡಿಗೆ, ರೇಷನ್, ಬಸ್ಸು, ಮಕ್ಕಳ ಫೀಸು, ಔಷಧಿ ಮೊದಲು ಬರೆಯಬೇಕು. ಮೇಲಿನ ಉದಾಹರಣೆಯ ಮನೆಗೆ ಇವಕ್ಕೆಲ್ಲ 12,500 ಬೇಕಾದರೆ ಸಾಲಕ್ಕೆ ಉಳಿಯುವುದು 5,500. ಆ 5,500ನ್ನು ಮೂವರಿಗೆ ಹಂಚಿ, 'ಸಂಬಳ ಇಷ್ಟು, ಖರ್ಚು ಇಷ್ಟು, ತಿಂಗಳಿಗೆ ಇಷ್ಟು ಕಟ್ಟುತ್ತೇನೆ, ಕಂತಿನ ದಿನ 10ನೇ ತಾರೀಕಿಗೆ ಬದಲಿಸಿ' ಎಂದು ಮೂರೂ ಕಂಪನಿಗೆ ಇಮೇಲ್ ಅಥವಾ ರಿಜಿಸ್ಟರ್ ಪೋಸ್ಟಿನಲ್ಲಿ ಬರೆಯಬೇಕು. ಕಂಪನಿ ಒಪ್ಪಲೇಬೇಕೆಂಬ ಕಾನೂನಿಲ್ಲ. ಆದರೆ ಮಾತುಕತೆಗೆ ಬಂದ ಸಾಲಗಾರ ಎಂಬುದಕ್ಕೆ ಕಾಗದ ಸಾಕ್ಷಿ. ಮುಂದೆ ಲೋಕ ಅದಾಲತ್ತಿಗೆ ಹೋದರೂ, ದೂರು ಕೊಟ್ಟರೂ ಅದೇ ಕೈಹಿಡಿಯುತ್ತದೆ.

ಒಪ್ಪಂದವಾದರೆ ಸಂಬಳದ ಖಾತೆಗೆ ಅಲ್ಲ, ಬೇರೊಂದು ಖಾತೆಗೆ ಹೊಸ ಮ್ಯಾಂಡೇಟ್ ಕೊಟ್ಟು, ಕಂತಿನಷ್ಟೇ ಹಣವನ್ನು ಅಲ್ಲಿ ಹಾಕಿಡುವುದು ಲೇಸು. ಸಹಿ ಮಾಡುವಾಗ ಮೂರು ವಿಷಯ ನೋಡಬೇಕು: ಗರಿಷ್ಠ ಮೊತ್ತ ಎಷ್ಟು, ತಿಂಗಳಿಗೆ ಎಷ್ಟು ಸಲ ಎಳೆಯಬಹುದು, ಕೊನೆಯ ದಿನಾಂಕ ಯಾವುದು. ಸಾಲವೂ ಸಂಬಳವೂ ಒಂದೇ ಬ್ಯಾಂಕಿನಲ್ಲಿದ್ದರೆ ಬಾಕಿಗೆ ಸಂಬಳದ ಹಣ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗಿರುತ್ತದೆ ಎಂಬುದೂ ನೆನಪಿರಲಿ. ಸಾಲ ತೀರಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಪಡೆದು, ಮ್ಯಾಂಡೇಟ್ ರದ್ದಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಯೇ ಬರಬೇಕು.

ಒಂದು ಆ್ಯಪಿನ ಸಾಲ ತೀರಿಸಲು ಇನ್ನೊಂದು ಆ್ಯಪ್ ತೆರೆಯುವುದು ಮಾತ್ರ ಬೇಡ. ಕಾರ್ಖಾನೆಯ ನೌಕರರ ಸಹಕಾರ ಸಂಘ, ಕಂಪನಿಯ ಮುಂಗಡ, ಕಾಯಿಲೆ ಅಥವಾ ಮಕ್ಕಳ ಓದಿಗೆ ಪಿಎಫ್‌ನಿಂದ ಭಾಗಶಃ ಹಣ, ಕೊನೆಗೆ ಬ್ಯಾಂಕಿನಲ್ಲಿ ಒಡವೆ ಸಾಲ, ಇವೆಲ್ಲ ದಿನಬಡ್ಡಿಗಿಂತ ಎಷ್ಟೋ ಅಗ್ಗ. ಬಳೆ ಅಡ ಇಡಲು ನಾಚಿಕೊಂಡು ದಿನಕ್ಕೆ ಒಂದು ಪರ್ಸೆಂಟ್ ಕಟ್ಟುವುದು ಲೆಕ್ಕಕ್ಕೆ ಬಗ್ಗದ ಮಾತು.

ಆ ಕಡೆ ಸ್ಟೇಷನ್, ಈ ಕಡೆ ಸ್ಟೇಷನ್

ಹೊಸೂರಿನಲ್ಲಿ ಮನೆ, ಅತ್ತಿಬೆಲೆ ದಾಟಿ ಬೊಮ್ಮಸಂದ್ರದಲ್ಲೋ ಜಿಗಣಿಯಲ್ಲೋ ಕೆಲಸ ಇರುವವರಿಗೆ ಮತ್ತೊಂದು ತೊಡಕಿದೆ. ಕಿರುಕುಳದ ದೂರು ಎಲ್ಲಿ ಕೊಡಬೇಕು? ಕರ್ನಾಟಕ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಗೆ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಅದರಲ್ಲಿದೆ. ಅದೇ ವರ್ಷ ತಮಿಳುನಾಡೂ ಅಂಥದೇ ಕಾನೂನು ಮಾಡಿತು. ಗಡಿಯ ಎರಡೂ ಕಡೆ ಬೆದರಿಕೆ ಅಪರಾಧವೇ. 'ಇದು ನಮ್ಮ ಸರಹದ್ದಲ್ಲ, ಆ ಕಡೆ ಹೋಗಿ' ಎಂಬ ಉತ್ತರ ಬಂದರೆ ಸುಮ್ಮನಾಗಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಎಲ್ಲೇ ನಡೆದಿದ್ದರೂ ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ವೇತನ ಸಂಹಿತೆ, ಜಪ್ತಿಯ ನಿಯಮ, ರಿಸರ್ವ್ ಬ್ಯಾಂಕಿನ ಆದೇಶ ಮೂರೂ ದೇಶಕ್ಕೆಲ್ಲ ಒಂದೇ. ಚೆಕ್‌ಪೋಸ್ಟ್ ದಾಟಿದರೆ ಬದಲಾಗುವುದಿಲ್ಲ.

ನೋಂದಾಯಿತ ಕಂಪನಿಯ ಮೇಲಿನ ದೂರು ಮೊದಲು ಆ ಕಂಪನಿಗೇ ಹೋಗಬೇಕು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ. 14448 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾಹಿತಿ ಕೇಳಬಹುದು. ಆ್ಯಪ್ ಅಸಲಿಯೋ ನಕಲಿಯೋ ಎಂಬುದಕ್ಕೆ 2025ರ ಜುಲೈ 1ರಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಆ್ಯಪ್‌ಗಳ ಪಟ್ಟಿ ಇದೆ. ಫೋಟೋ ತಿರುಚಿ ಬೆದರಿಸಿದರೆ ತಡಮಾಡದೆ ಸೈಬರ್ ಸಹಾಯವಾಣಿ 1930. ವಕೀಲರ ಫೀಸಿಗೆ ಹೆದರುವವರು ತಿಳಿಯಬೇಕಾದ್ದು: ಹೆಂಗಸರಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಇದರ ಸಂಖ್ಯೆ 15100.

ಸರಕಾರದ ಮಟ್ಟದಲ್ಲಿ ಉಳಿದಿರುವ ಕೆಲಸ ಒಂದೇ. ಮಾಲೀಕನಿಗೆ ಅರ್ಧ, ಕೋರ್ಟಿಗೆ ಮೂರನೇ ಒಂದು ಎಂದು ಗೆರೆ ಎಳೆದ ಕಾನೂನು, ಆಟೋ ಡೆಬಿಟ್‌ಗೂ ಅಂಥ ಗೆರೆ ಎಳೆಯಬೇಕಿದೆ. ಅಲ್ಲಿಯವರೆಗೆ ಆ ಗೆರೆಯನ್ನು ಮನೆಯವರೇ ಎಳೆದುಕೊಳ್ಳಬೇಕು, ಅದೂ ಏಳನೇ ತಾರೀಕಿಗೆ ಮುಂಚೆ.